ಮಧ್ಯದಲ್ಲಿ ಮದ್ದೂರು

ಜಾತಕ ಕೂಡಿಸುವವರು ಎಂಟು ಕೂಟ ನೋಡುತ್ತಾರೆ. ವರ್ಣ, ವಶ್ಯದಿಂದ ಹಿಡಿದು ನಾಡಿಯವರೆಗೆ ಎಲ್ಲಕ್ಕೂ ಅಂಕ ಹಾಕಿ, 36ಕ್ಕೆ ಇಷ್ಟು ಬಂತು ಎಂದು ಷರಾ ಬರೆದು ದಕ್ಷಿಣೆ ತೆಗೆದುಕೊಂಡು ಹೊರಡುತ್ತಾರೆ. ಹುಡುಗನ ಆಫೀಸು ಯಾವ ಊರು, ಹುಡುಗಿಯ ಆಫೀಸು ಯಾವ ಊರು, ನಡುವೆ ಟೋಲ್ ಗೇಟು ಎಷ್ಟು ಎಂಬ ಒಂಬತ್ತನೇ ಕೂಟವನ್ನು ಯಾವ ಪಂಚಾಂಗವೂ ಕೇಳುವುದಿಲ್ಲ. ಕುಜದೋಷಕ್ಕಾದರೆ ಶಾಂತಿ ಮಾಡಿಸಬಹುದು. ಕಿಲೋಮೀಟರ್ ದೋಷಕ್ಕೆ ಯಾವ ಕ್ಷೇತ್ರದಲ್ಲೂ ಪರಿಹಾರವಿಲ್ಲ.

‘ಹುಡುಗಿ ಕೆಲಸದಲ್ಲಿರಬೇಕು’ ಎಂದು ಮೊದಲು ಕೇಳುವವರು ಹುಡುಗನ ಕಡೆಯವರೇ. ಈಗಿನ ಕಾಲದಲ್ಲಿ ಒಂದು ಸಂಬಳದಲ್ಲಿ ಸಂಸಾರ ಸಾಗದು ಎಂಬ ಲೋಕಜ್ಞಾನ ಅವರಿಗೆ ಚೆನ್ನಾಗಿಯೇ ಇದೆ. ಆದರೆ ಸಂಬಳ ಕೊಡುವವರು ಹಾಜರಾತಿಯನ್ನೂ ಕೇಳುತ್ತಾರೆ, ಹಾಜರಾತಿ ಹಾಕಲು ಒಂದು ಕಟ್ಟಡವಿರುತ್ತದೆ, ಆ ಕಟ್ಟಡ ಬೇರೊಂದು ಊರಿನಲ್ಲಿರುತ್ತದೆ ಎಂಬ ಸಂಗತಿ ಆರತಕ್ಷತೆಯ ಶಾಮಿಯಾನ ಬಿಚ್ಚಿದ ಮೇಲಷ್ಟೇ ಬೆಳಕಿಗೆ ಬರುತ್ತದೆ. ಆಗ ಮನೆಯಲ್ಲಿ ಪಂಚಾಯ್ತಿ ಸೇರುತ್ತದೆ.

ಇಂಥ ಜೋಡಿಗಳು ನಾಡಿನ ಎಲ್ಲ ಕಡೆಯೂ ಇವೆ. ತುಮಕೂರು-ಬೆಂಗಳೂರು, ಹುಬ್ಬಳ್ಳಿ-ಬೆಳಗಾವಿ, ಮಂಗಳೂರು-ಉಡುಪಿ ಹೀಗೆ. ಆದರೆ ಇದರ ಅಸಲಿ ತಳಿ ನೋಡಬೇಕೆಂದರೆ ಬೆಂಗಳೂರು-ಮೈಸೂರು ದಾರಿಗೇ ಬರಬೇಕು. ಗಂಡನಿಗೆ ಮೈಸೂರಿನ ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ಕೆಲಸ. ಹೆಂಡತಿಗೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ. ಮೈಸೂರು ತೀರಾ ಹತ್ತಿರವೂ ಅಲ್ಲ, ದಿನಾ ಓಡಾಡಲಾರದಷ್ಟು ದೂರವೂ ಅಲ್ಲ. ಕಷ್ಟ ಇರುವುದೇ ಇಲ್ಲಿ. ಕಲಬುರಗಿಯಾಗಿದ್ದರೆ ‘ಆಗಲ್ಲ’ ಎಂದು ಎಲ್ಲರೂ ಒಪ್ಪಿಕೊಳ್ಳುತ್ತಿದ್ದರು. ಮೈಸೂರಾದ್ದರಿಂದ ‘ಏನಮ್ಮಾ, ಎರಡೂವರೆ ಗಂಟೆ, ಕೂತ್ರೆ ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಬರುತ್ತೆ’ ಎಂದು ನಿವೃತ್ತ ಸೋದರಮಾವ ತೀರ್ಪು ಕೊಡುತ್ತಾರೆ. ಅವರು ಕೆಲಸದಲ್ಲಿದ್ದಷ್ಟು ಕಾಲವೂ ಮನೆಯಿಂದ ಆಫೀಸಿಗೆ ನಡೆದೇ ಹೋದವರು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು ಒಂದು ಜೊಂಪು ನಿದ್ದೆ ತೆಗೆದು ವಾಪಸು ಹೋದವರು.

ಪಂಚಾಯ್ತಿಯಲ್ಲಿ ಯಾರೋ ಒಬ್ಬರು ಮೊಬೈಲಿನಲ್ಲಿ ಮ್ಯಾಪ್ ತೆಗೆಯುತ್ತಾರೆ. ಸಾಮಾನ್ಯವಾಗಿ ಹುಡುಗನ ಭಾವ. ಎರಡು ಬೆರಳಿನಲ್ಲಿ ಹಿಗ್ಗಿಸಿ, ಕುಗ್ಗಿಸಿ, ಕೊನೆಗೆ ಒಂದು ಚುಕ್ಕೆಯ ಮೇಲೆ ಬೆರಳಿಟ್ಟು ಘೋಷಿಸುತ್ತಾರೆ: ‘ಮದ್ದೂರು! ಅವನಿಗೂ ಅರ್ಧ, ಅವಳಿಗೂ ಅರ್ಧ. ಇದಕ್ಕಿಂತ ನ್ಯಾಯ ಬೇಕಾ?’

ರೈಲಿನ ಲೆಕ್ಕದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಸುಮಾರು 138 ಕಿಲೋಮೀಟರು. ಮದ್ದೂರು ಹೆಚ್ಚುಕಡಿಮೆ ನಡುವೆಯೇ ಬೀಳುತ್ತದೆ. ಹಾಗಾಗಿ ಭಾವನ ಗಣಿತದಲ್ಲಿ ತಪ್ಪಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಕೆಲಸವಿಲ್ಲದ, ಇಬ್ಬರ ಬಂಧುಗಳೂ ಇಲ್ಲದ, ಇಬ್ಬರಲ್ಲಿ ಒಬ್ಬರೂ ಒಂದು ಸಲವೂ ರಾತ್ರಿ ತಂಗದ ಊರಿನಲ್ಲಿ ಸಂಸಾರ ಹೂಡುವುದೇ ಸಮಾನತೆ ಎಂದು ಪಂಚಾಯ್ತಿ ಸರ್ವಾನುಮತದಿಂದ ತೀರ್ಮಾನಿಸುತ್ತದೆ. ಮಗು ಶಾಲೆಯಿಂದ ಬಂದಾಗ ಅಪ್ಪ ಮೈಸೂರಿನಲ್ಲಿ, ಅಮ್ಮ ಬೆಂಗಳೂರಿನಲ್ಲಿ. ಮಗು ಮಾತ್ರ ಮದ್ದೂರಿನಲ್ಲಿ.

ಮದ್ದೂರಿನ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆ ಊರಿಗೆ ಹೆಸರು ತಂದ ವಡೆ 1917ರ ಸುಮಾರಿಗೆ ಅಲ್ಲಿನ ರೈಲು ನಿಲ್ದಾಣದಲ್ಲಿ ಹುಟ್ಟಿತು ಎನ್ನುತ್ತಾರೆ. ರೈಲು ಹೊರಡುವುದರೊಳಗೆ ಕೈಗೆ ಕೊಡಬೇಕಲ್ಲ ಎಂದು ಹಿಟ್ಟನ್ನು ತೆಳ್ಳಗೆ ತಟ್ಟಿ ಕರಿದು ಕೊಟ್ಟದ್ದೇ ಮದ್ದೂರು ವಡೆಯಾಯಿತಂತೆ. ಅಂದರೆ ಮದ್ದೂರಿನ ಕೀರ್ತಿ ನಿಂತಿರುವುದು ಮದ್ದೂರಿನಲ್ಲಿ ಇಳಿಯದವರ ಮೇಲೆ. ನೂರಕ್ಕೂ ಹೆಚ್ಚು ವರ್ಷಗಳಿಂದ ಜನ ಆ ಊರನ್ನು ಕಿಟಕಿಯಿಂದ ಕೈ ಚಾಚಿ ತಿಂದು ಮುಂದೆ ಹೋಗಿದ್ದಾರೆ. ಇಳಿದು ಬಾಡಿಗೆ ಮನೆ ಕೇಳಿದ ಮೊದಲ ತಲೆಮಾರು ನಮ್ಮ ಈ ಎರಡು ಸಂಬಳದ ಜೋಡಿಗಳದ್ದೇ ಇರಬೇಕು.

ಇನ್ನು ಹೆದ್ದಾರಿ. 2023ರ ಮಾರ್ಚ್ 12ರಂದು ಪ್ರಧಾನಿಗಳು ಮಂಡ್ಯ ಜಿಲ್ಲೆಗೇ ಬಂದು ಬೆಂಗಳೂರು-ಮೈಸೂರು ದಶಪಥವನ್ನು ಉದ್ಘಾಟಿಸಿದರು. ಮೂರು ಗಂಟೆಯ ಹಾದಿ 75 ನಿಮಿಷಕ್ಕೆ ಇಳಿಯಿತು ಎಂದು ಎಲ್ಲರೂ ಹೇಳಿದರು. ಎಲ್ಲಿಂದ ಎಲ್ಲಿಗೆ 75 ನಿಮಿಷ ಎಂದು ಯಾರೂ ಕೇಳಲಿಲ್ಲ. ಈ ಅಂಚಿನಿಂದ ಆ ಅಂಚಿಗೆ ಅದು ನಿಜವಿರಬಹುದು. ಆದರೆ ಬೆಂಗಳೂರಿನ ಅಂಚಿನಲ್ಲಿ ಯಾವ ಹೆಂಡತಿಯ ಆಫೀಸೂ ಇರುವುದಿಲ್ಲ. ಹೆಂಡತಿಯರ ಆಫೀಸುಗಳೆಲ್ಲ ವೈಟ್‌ಫೀಲ್ಡಿನಲ್ಲೋ ಮಾನ್ಯತಾದಲ್ಲೋ ಇರುತ್ತವೆ. ಮೈಸೂರು ಬಿಟ್ಟವಳು ಕೆಂಗೇರಿಗೆ ಬಂದಾಗ ‘ಬೆಂಗಳೂರು ಬಂತಲ್ಲ’ ಎಂದು ಅತ್ತೆಗೆ ಸಮಾಧಾನ. ನಿಜವಾದ ಪ್ರಯಾಣ ಅಲ್ಲಿಂದಲೇ ಶುರು ಎಂಬುದು ಸೊಸೆಗೆ ಮಾತ್ರ ಗೊತ್ತು.

ಈ ಹೆದ್ದಾರಿಗೆ ಇನ್ನೊಂದು ಗುಣವಿದೆ. ಅದು ಎರಡು ದೊಡ್ಡ ಊರುಗಳನ್ನು ಸೇರಿಸುವ ಉತ್ಸಾಹದಲ್ಲಿ ನಡುವಿನ ಊರುಗಳನ್ನೆಲ್ಲ ಬಿಟ್ಟು ಹೋಯಿತು. ಬಿಡದಿಗೆ ಬೈಪಾಸು, ರಾಮನಗರ-ಚನ್ನಪಟ್ಟಣಕ್ಕೆ ಬೈಪಾಸು, ಮಂಡ್ಯಕ್ಕೆ ಬೈಪಾಸು, ಶ್ರೀರಂಗಪಟ್ಟಣಕ್ಕೆ ಬೈಪಾಸು. ಮದ್ದೂರನ್ನಂತೂ ಮೇಲ್ಸೇತುವೆಯಲ್ಲಿ ತಲೆಯ ಮೇಲಿಂದಲೇ ದಾಟಿಬಿಟ್ಟಿತು. ಮಧ್ಯದ ಊರಿನಲ್ಲಿ ಮನೆ ಮಾಡಿ ಎನ್ನುವವರ ಕೈಯಲ್ಲಿರುವ ನಕ್ಷೆ, ಮಧ್ಯದ ಊರುಗಳ ಗೊಡವೆಯೇ ಬೇಡವೆಂದು ಕಟ್ಟಿದ ರಸ್ತೆಯ ನಕ್ಷೆ. ಸ್ಕೂಟರಿನಲ್ಲಿ ಹೋಗೋಣವೆಂದರೆ 2023ರ ಆಗಸ್ಟ್ ಒಂದರಿಂದ ದ್ವಿಚಕ್ರ ವಾಹನಗಳಿಗೆ ಅಲ್ಲಿ ಪ್ರವೇಶವೇ ಇಲ್ಲ. ಪಕ್ಕದ ಸರ್ವಿಸ್ ರಸ್ತೆಯೇ ಗತಿ. ಒಂದು ವಿಷಯದಲ್ಲಿ ಮಾತ್ರ ಮದ್ದೂರು ಪೂರ್ತಿ ನ್ಯಾಯ ಒದಗಿಸುತ್ತದೆ. ಬೆಂಗಳೂರಿನ ಕಡೆ ಹೋಗುವವರಿಗೆ ಬಿಡದಿ ಬಳಿ ಒಂದು ಟೋಲು, ಮೈಸೂರಿನ ಕಡೆ ಹೋಗುವವರಿಗೆ ಗಣಂಗೂರಿನಲ್ಲಿ ಒಂದು ಟೋಲು. ದಾಂಪತ್ಯದಲ್ಲಿ ಇಷ್ಟು ಸರಿಸಮನಾಗಿ ಹಂಚಿಕೆಯಾದ ಬೇರೆ ಯಾವುದನ್ನೂ ನಾನು ಕಂಡಿಲ್ಲ.

ಮಧ್ಯದ ಊರಿನ ಗೋಜೇ ಬೇಡ, ದೂರವನ್ನೇ ತೆಗೆದುಹಾಕೋಣ ಎನ್ನುವುದು ಸರ್ಕಾರದ ದಾರಿ. 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಯನ್ನು ಬೆಂಗಳೂರು ದಕ್ಷಿಣ ಎಂದು ಕರೆಯಲು ಸಚಿವ ಸಂಪುಟ ಒಪ್ಪಿತು. ಚನ್ನಪಟ್ಟಣದಲ್ಲಿ ಮನೆ ಮಾಡಿದ್ದ ದಂಪತಿಗಳು ಒಂದು ಪಾತ್ರೆಯನ್ನೂ ಪ್ಯಾಕ್ ಮಾಡದೆ ರಾತ್ರೋರಾತ್ರಿ ಬೆಂಗಳೂರಿನವರಾದರು. ಬೆಳಿಗ್ಗೆ ಏಳುವ ಹೊತ್ತು ಮಾತ್ರ ಬದಲಾಗಲಿಲ್ಲ. ಇದೇ ಉಪಾಯವನ್ನು ಮುಂದುವರಿಸಿ ಮಂಡ್ಯವನ್ನು ‘ಬೆಂಗಳೂರು ದೂರ ದಕ್ಷಿಣ’ ಎಂದೂ ಮೈಸೂರನ್ನು ‘ಬೆಂಗಳೂರು ಅತಿ ದಕ್ಷಿಣ’ ಎಂದೂ ಕರೆದುಬಿಟ್ಟರೆ ಗಂಡ ಹೆಂಡತಿ ಇಬ್ಬರೂ ಒಂದೇ ಊರಿನಲ್ಲಿ ಕೆಲಸ ಮಾಡಿದಂತಾಗುತ್ತದೆ. 2022ರ ಅಕ್ಟೋಬರಿನಲ್ಲಿ ಟಿಪ್ಪು ಎಕ್ಸ್‌ಪ್ರೆಸ್ ಒಡೆಯರ್ ಎಕ್ಸ್‌ಪ್ರೆಸ್ ಆಯಿತಲ್ಲ, ಹಾಗೆ. ಅದರಲ್ಲೂ ನಿಂತುಕೊಂಡು ಹೋಗುವವರು ನಿಂತುಕೊಂಡೇ ಹೋಗುತ್ತಿದ್ದಾರೆ.

ಸಂಜೆ ಆರು ದಾಟಿದ ಮೇಲೆ ಬೆಂಗಳೂರು ಬಿಡುವ ಚಾಮುಂಡಿ ಎಕ್ಸ್‌ಪ್ರೆಸ್ಸನ್ನು ಒಮ್ಮೆ ಹತ್ತಿ ನೋಡಿ. ಪ್ಲಾಟ್‌ಫಾರಂಗೆ ಗಾಡಿ ಬರುತ್ತಿದ್ದಂತೆಯೇ ಕಿಟಕಿಗಳಲ್ಲಿ ಕರವಸ್ತ್ರ, ದುಪ್ಪಟ್ಟಾ, ಊಟದ ಬುತ್ತಿಯ ಚೀಲ ತೂರಿ ಸೀಟು ಹಿಡಿಯುವ ಗಲಾಟೆ. ನಿತ್ಯ ಓಡಾಡುವ ಹೆಂಗಸರದ್ದು ಒಂದು ಗುಂಪು; ನಾಲ್ಕು ಜನರ ಸೀಟಿನಲ್ಲಿ ಆರು ಜನ ಕೂರುತ್ತಾರೆ. ಒಬ್ಬಾಕೆ ಮಡಿಲಲ್ಲಿ ಪತ್ರಿಕೆ ಹರಡಿಕೊಂಡು ಅವರೆಕಾಯಿ ಸುಲಿಯುತ್ತಿರುತ್ತಾಳೆ. ಸಿಪ್ಪೆ ಒಂದು ಕವರಿಗೆ, ಕಾಳು ಟಿಫನ್ ಡಬ್ಬಿಗೆ, ಹುಳುಕು ಕಾಯಿ ಕಿಟಕಿಯಾಚೆಗೆ. ಬೆಳಿಗ್ಗೆ ಉಪ್ಪಿಟ್ಟು ತಂದಿದ್ದ ಅದೇ ಡಬ್ಬಿ ಸಂಜೆ ಕಾಳು ತುಂಬಿಕೊಂಡು ಮನೆಗೆ ವಾಪಸಾಗುತ್ತದೆ. ಇನ್ನೊಬ್ಬಾಕೆ ಕಿವಿಗೆ ಇಯರ್‌ಫೋನ್ ಚುಚ್ಚಿಕೊಂಡು ಅಮೆರಿಕದ ಯಾರಿಗೋ ‘ಯೆಸ್, ಯೆಸ್’ ಎನ್ನುತ್ತಿರುತ್ತಾಳೆ. ಬಿಡದಿ ದಾಟಿದ ಮೇಲೆ ಸಿಗ್ನಲ್ ಹೋಗುತ್ತದೆ, ಅಮೆರಿಕ ಕಡಿದು ಹೋಗುತ್ತದೆ. ಸಿಗ್ನಲ್ ವಾಪಸು ಬಂದ ತಕ್ಷಣ ಫೋನು ಬಡಿದುಕೊಳ್ಳುತ್ತದೆ. ಈ ಸಲ ಗಂಡ. ಐದೂವರೆಗೇ ಮನೆ ಸೇರಿದವನು.

‘ರೀ, ಅಕ್ಕಿ ತೊಳ್ದು ಕುಕ್ಕರ್ ಇಡಿ. ಎರಡು ಲೋಟಕ್ಕೆ ನಾಲ್ಕು ಲೋಟ ನೀರು... ಇಲ್ಲಾರೀ, ಮೂರು ಕೂಗು ಸಾಕು... ವೆಯ್ಟ್ ಅಲ್ಲೇ ಜಾಲರಿ ಬುಟ್ಟೀಲಿ ಇದೆ ನೋಡಿ... ಬುಟ್ಟಿ ಎಲ್ಲಿದೆ ಅಂದ್ರೆ?’

ಇಡೀ ಬೋಗಿ ನಗುತ್ತದೆ. ಹೇಳಿಕೊಂಡು ನಗುವ ಕಥೆ ಅಲ್ಲಿ ಪ್ರತಿಯೊಬ್ಬಾಕೆಯ ಹತ್ತಿರವೂ ಒಂದಿರುತ್ತದೆ. ಆ ಬುಟ್ಟಿ ಅವನ ಮನೆಯಲ್ಲೇ, ಅವನ ಅಡುಗೆಮನೆಯಲ್ಲೇ, ಅವನ ಮೂಗಿನ ಮುಂದೆಯೇ ಇದೆ. ಅವಳು ಚನ್ನಪಟ್ಟಣದ ಹತ್ತಿರ ಎಲ್ಲೋ ಕತ್ತಲಲ್ಲಿದ್ದಾಳೆ. ಆದರೂ ದಾರಿ ತೋರಿಸಬೇಕಾದವಳು ಅವಳೇ.

ರೈಲ್ವೆ ಇಲಾಖೆಯನ್ನು ದೂರಿ ಫಲವಿಲ್ಲ. 150 ಕಿಲೋಮೀಟರಿನವರೆಗೆ ತಿಂಗಳ ಪಾಸು ಕೊಡುತ್ತಾರೆ, ಮೈಸೂರು ಅದರೊಳಗೇ ಬರುತ್ತದೆ. ವಂದೇ ಭಾರತಿನಲ್ಲೂ ಶತಾಬ್ದಿಯಲ್ಲೂ ಆ ಪಾಸು ನಡೆಯುವುದಿಲ್ಲ ಅನ್ನಿ. ಬೇಗ ಹೋಗುವ ಗಾಡಿಗಳು ನಿಧಾನವಾಗಿ ಹೋಗಬಲ್ಲ ಪ್ರವಾಸಿಗಳಿಗೆ, ನಿಧಾನದ ಗಾಡಿಗಳು ಹಾಜರಿ ತಪ್ಪಿದರೆ ಸಂಬಳ ಹೋಗುವವರಿಗೆ. ಆದರೂ ಈ ದಾರಿ ಜೋಡಿಹಳಿಯಾಗಲಿ ಎಂದು ಇಲಾಖೆ ಪಟ್ಟ ಪಾಡು ಸಣ್ಣದಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಶಸ್ತ್ರಾಗಾರ ಹಳಿಗೆ ಅಡ್ಡ ಬಂತು. 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಒಡೆಯದೆ, ಬಿರುಕು ಬಿಡಿಸದೆ, ಜಾಕ್ ಹಚ್ಚಿ ಎತ್ತಿ ನೂರಕ್ಕೂ ಹೆಚ್ಚು ಮೀಟರ್ ದೂರಕ್ಕೆ ಸರಿಸಿದರು. ಇನ್ನೂರು ವರ್ಷದ ಸುಲ್ತಾನರ ಮದ್ದಿನ ಮನೆ ಜಾಗ ಬಿಟ್ಟುಕೊಟ್ಟಿತು. ಆದರೆ ‘ನಮ್ಮ ಮಗ ಬೆಂಗಳೂರಿಗೆ ಮನೆ ಬದಲಾಯಿಸಿ ಅಲ್ಲಿಂದ ಓಡಾಡಲ್ಲ’ ಎಂಬ ವಾಕ್ಯವನ್ನು ಅದೇ ಶ್ರೀರಂಗಪಟ್ಟಣದಾಚೆಯ ಒಂದು ವರಾಂಡದಿಂದ ಅರ್ಧ ಇಂಚು ಸರಿಸಲು ಯಾವ ಜಾಕಿನಿಂದಲೂ ಆಗಿಲ್ಲ.

ಅವಳೇ ವಾರದ ದಿನಗಳಲ್ಲಿ ಬೆಂಗಳೂರಿನಲ್ಲಿ ಉಳಿಯಲಿ ಎಂದುಕೊಳ್ಳೋಣ. ಆಗ ಮನೆ ಓನರ್ ಎದುರಾಗುತ್ತಾರೆ.

‘ಮದ್ವೆ ಆಗಿದ್ಯಾಮ್ಮಾ?’

‘ಆಗಿದೆ ಅಂಕಲ್.’

‘ಯಜಮಾನ್ರು?’

‘ಮೈಸೂರಲ್ಲಿ ಕೆಲಸ. ಶನಿವಾರ ಬರ್ತಾರೆ.’

‘ನಾವು ಫ್ಯಾಮಿಲಿಗೇ ಕೊಡೋದಮ್ಮ.’

ಮದುವೆಯಾಗಿದೆ, ಆದರೆ ಫ್ಯಾಮಿಲಿ ಅಲ್ಲ. ಮದುವೆಯಾಗದಿದ್ದರೆ ಬ್ಯಾಚುಲರ್, ಅವರಿಗೂ ಕೊಡುವುದಿಲ್ಲ. ಕೊನೆಗೆ ಆಕೆ ಸೇರುವುದು ಪಿಜಿಗೆ. ಪಕ್ಕದ ಮಂಚದಲ್ಲಿ ಕ್ಯಾಂಪಸ್ ಸೆಲೆಕ್ಷನ್ನಿನಲ್ಲಿ ಬಂದ ಇಪ್ಪತ್ತೆರಡರ ಹುಡುಗಿ, ‘ಆಂಟಿ, ಲೈಟ್ ಆಫ್ ಮಾಡ್ಲಾ?’ ಎನ್ನುತ್ತಾಳೆ. ಅದೇ ಗಂಡ ಬೇರೆ ಊರಿನಲ್ಲಿ ಒಂದು ಕೋಣೆ ಹಿಡಿದರೆ ಓನರಮ್ಮ ಸಂಜೆ ಒಂದು ಬಟ್ಟಲು ಸಾರು ಕಳಿಸುತ್ತಾರೆ. ಪಾಪ, ಹೆಂಡತಿ ಜೊತೆಗಿಲ್ಲ, ಊಟಕ್ಕೇನು ಮಾಡಿಕೊಳ್ಳುತ್ತಾನೋ.

ಕೊರೊನಾ ಬಂದು ಮನೆಯಿಂದಲೇ ಕೆಲಸ ಶುರುವಾದಾಗ ಈ ಸಮಸ್ಯೆಯೇ ಮುಗಿಯಿತು ಎಂದುಕೊಂಡಿದ್ದೆವು. ಈಗ ಕಂಪನಿಗಳು ವಾರಕ್ಕೆ ಇಷ್ಟು ದಿನ ಬನ್ನಿ ಎನ್ನುತ್ತಿವೆ. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಸಿಕ್ಕಿತೆಂದರೆ ಸಾಕು, ‘ಮತ್ತೆ ಮೈಸೂರಲ್ಲೇ ಇರಬಹುದಲ್ಲ’ ಎಂದು ತೀರ್ಮಾನ. ಆ ಎರಡು ದಿನವೂ ಗ್ಯಾಸಿನವನು ಬರುತ್ತಾನೆ, ಕೇಬಲ್ಲಿನವನು ಬರುತ್ತಾನೆ, ‘ಹೇಗೂ ಮನೇಲೇ ಇದೀಯಲ್ಲ’ ಎಂದು ಹೋಳಿಗೆ ಮಾಡಿಸಲು ನಾದಿನಿ ಬರುತ್ತಾಳೆ. ಗಂಡ ಮನೆಯಿಂದ ಕೆಲಸ ಮಾಡಿದರೆ ಮಾತ್ರ ಬಾಗಿಲು ಹಾಕಿ ಮಕ್ಕಳಿಗೆ ‘ಶ್!’ ಎನ್ನುತ್ತಾರೆ.

ಸರ್ಕಾರಿ ನೌಕರರ ಜೋಡಿಗಳ ಫಜೀತಿ ಬೇರೆಯದು. ಪತಿ-ಪತ್ನಿಯನ್ನು ಸಾಧ್ಯವಾದ ಮಟ್ಟಿಗೆ ಒಂದೇ ಸ್ಥಳದಲ್ಲಿ ನಿಯುಕ್ತಿಗೊಳಿಸಬೇಕು ಎಂದು ಕೇಂದ್ರ ಸರ್ಕಾರ 1986ರಲ್ಲೇ ಮಾರ್ಗಸೂಚಿ ಹೊರಡಿಸಿತು, 2009ರಲ್ಲಿ ಇನ್ನಷ್ಟು ಒತ್ತಿ ಹೇಳಿತು. ನಮ್ಮ ರಾಜ್ಯದಲ್ಲೂ ಶಿಕ್ಷಕರ ವರ್ಗಾವಣೆಯಲ್ಲಿ ಪತಿ-ಪತ್ನಿ ಪ್ರಕರಣ ಎಂಬ ಬಾಬ್ತಿದೆ. ಕೌನ್ಸೆಲಿಂಗ್ ದಿನ ಮದುವೆಯ ನೋಂದಣಿ ಪತ್ರವನ್ನು ಎದೆಗವಚಿಕೊಂಡು ನಿಂತವರನ್ನು ನೋಡಿದರೆ, ಸಪ್ತಪದಿಯ ದಿನ ಕೂಡ ಇವರು ಇಷ್ಟು ಭಕ್ತಿಯಿಂದ ನಿಂತಿರಲಿಕ್ಕಿಲ್ಲ ಅನಿಸುತ್ತದೆ. ಇತ್ತ ಇದೇ ಸರ್ಕಾರ ‘ನೌಕರರು ಕಡ್ಡಾಯವಾಗಿ ಕೇಂದ್ರಸ್ಥಾನದಲ್ಲಿ ವಾಸವಿರತಕ್ಕದ್ದು’ ಎಂದು ಆಗಾಗ ಸುತ್ತೋಲೆ ಕಳಿಸುತ್ತಿರುತ್ತದೆ. ಅವನ ಕೇಂದ್ರಸ್ಥಾನ ನಾಗಮಂಗಲ, ಅವಳ ಕೇಂದ್ರಸ್ಥಾನ ಕನಕಪುರ. ಸುತ್ತೋಲೆ ಪಾಲಿಸಿದರೆ ಸಂಸಾರವಿಲ್ಲ, ಸಂಸಾರ ಮಾಡಿದರೆ ನೋಟಿಸು. ಜಾಣರು ಬಾಗಿಲಿಗೆ ಬೋರ್ಡು ಕೇಂದ್ರಸ್ಥಾನದಲ್ಲಿ ಹಾಕಿ, ಮನೆ ಮೈಸೂರಿನಲ್ಲಿ ಮಾಡಿ, ತಪಾಸಣೆಯ ಸುಳಿವು ಸಿಕ್ಕಿದ ದಿನ ಅಲ್ಲಿಗೆ ಒಂದು ಚಾಪೆ ಒಯ್ಯುತ್ತಾರೆ.

ಇದು ಇವತ್ತಿನ ಜಗಳವೇನಲ್ಲ. ಕೋರ್ಟು ಮೆಟ್ಟಿಲು ಹತ್ತಿ ಎಷ್ಟೋ ವರ್ಷಗಳಾದವು. 1955ರ ಹಿಂದೂ ವಿವಾಹ ಕಾಯ್ದೆಯ ಒಂಬತ್ತನೇ ಕಲಮಿನಡಿ, ಜೊತೆಗಿರದ ಸಂಗಾತಿಯನ್ನು ವಾಪಸು ಕಳಿಸಿ ಎಂದು ಕೇಳಬಹುದು. ಬೇರೆ ಊರಿನಲ್ಲಿ ಕೆಲಸಕ್ಕಿದ್ದ ಹೆಂಡತಿ, ಗಂಡ ಕರೆದರೆ ಕೆಲಸ ಬಿಟ್ಟು ಬರಬೇಕು ಎಂದು ಪಂಜಾಬ್ ಹೈಕೋರ್ಟ್ 1960ರ ದಶಕದಲ್ಲಿ ಹೇಳಿತು. ನಮ್ಮ ಸೋದರಮಾವನಿಗೆ ಬಾಯಿಪಾಠ ಇರುವ ಕಾನೂನು ಇದೊಂದೇ. ಅದರ ಮುಂದಿನ ಅಧ್ಯಾಯ ಅವರಿಗೆ ಗೊತ್ತಿಲ್ಲ. 1978ರಲ್ಲಿ ದೆಹಲಿ ಹೈಕೋರ್ಟಿಗೆ ಇಂಥದೇ ಒಂದು ವ್ಯಾಜ್ಯ ಬಂತು. ಹೆಂಡತಿ ಪಂಜಾಬಿನ ಸುನಾಮಿನಲ್ಲಿ ಶಿಕ್ಷಕಿ, ಗಂಡ ದೆಹಲಿಯಲ್ಲಿ. ಸಂಬಳ ಅವಳದ್ದೇ ಒಳ್ಳೆಯದು. ಮನೆ ಎಲ್ಲಿರಬೇಕೆಂದು ತೀರ್ಮಾನಿಸುವ ಹಕ್ಕು ಗಂಡನೊಬ್ಬನಿಗೇ ಇದೆ ಎಂದು ಯಾವ ಕಾನೂನೂ ಹೇಳುವುದಿಲ್ಲ, ಇಬ್ಬರಲ್ಲಿ ಯಾರಿಗೂ ನಿರ್ಣಾಯಕ ಮತ ಇಲ್ಲ ಎಂದು ನ್ಯಾಯಾಲಯ ಹೇಳಿತು. ಇಷ್ಟು ವರ್ಷಗಳಾದರೂ ಆ ತೀರ್ಪಿನ ಪ್ರತಿ ಮೈಸೂರಿನ ಯಾವ ವರಾಂಡವನ್ನೂ ತಲುಪಿದಂತಿಲ್ಲ. ನಮ್ಮ ಪಂಚಾಯ್ತಿಗಳಲ್ಲಿ ನಿರ್ಣಾಯಕ ಮತ ಗಂಡನದ್ದಲ್ಲ, ನಿಜ. ಅದು ಗಂಡನ ಅಮ್ಮನದ್ದು.

ಈಗ ಭಾವನ ಮ್ಯಾಪಿಗೆ ಬರೋಣ. ಅರ್ಧ ಅರ್ಧ ನ್ಯಾಯ ಎಂದರಲ್ಲ, ಹಾಗಾದರೆ ಪೂರ್ತಿ ಲೆಕ್ಕವೇ ಹಾಕೋಣ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಯೊಳಗಿನ ಸಂಬಳವಿಲ್ಲದ ಕೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ವ್ಯತ್ಯಾಸ 201 ನಿಮಿಷ. ಅಂದರೆ ಮನೆಯ ಹೊಸ್ತಿಲು ದಾಟುವ ಮೊದಲೇ ಅವಳು ಅವನಿಗಿಂತ ಮೂರು ಗಂಟೆ ಇಪ್ಪತ್ತೊಂದು ನಿಮಿಷ ಹೆಚ್ಚು ಪ್ರಯಾಣ ಮಾಡಿ ಮುಗಿಸಿರುತ್ತಾಳೆ, ಅಡುಗೆಮನೆ ಮತ್ತು ಬಚ್ಚಲಿನ ನಡುವೆ. ಮ್ಯಾಪಿನಲ್ಲಿ ಆ ದಾರಿ ತೋರಿಸುವುದಿಲ್ಲ.

ಮೆಜೆಸ್ಟಿಕ್ಕಿನಿಂದ ಮೈಸೂರಿಗೆ ಹೋಗಿ ಬರಲು ರೈಲಿನಲ್ಲಿ 300 ನಿಮಿಷ ಎಂದಿಟ್ಟುಕೊಳ್ಳಿ. ಅವಳ ಆಫೀಸು ಮೆಜೆಸ್ಟಿಕ್ಕಿನ ಆಸುಪಾಸಿನಲ್ಲೇ ಇದೆ ಎನ್ನೋಣ. ಮನೆಗೆಲಸವನ್ನೂ ಓಡಾಟವನ್ನೂ ಕೂಡಿಸಿ ಇಬ್ಬರಿಗೂ ಸಮ ಆಗಬೇಕಾದರೆ ಅವಳ ಪಾಲಿಗೆ ಬರುವ ಪ್ರಯಾಣ ಸುಮಾರು 50 ನಿಮಿಷ, ಅವನ ಪಾಲಿಗೆ 250. ಹೋಗಲು 25, ಬರಲು 25. ರೈಲಿನಲ್ಲಿ ಮೆಜೆಸ್ಟಿಕ್ಕಿನಿಂದ 25 ನಿಮಿಷಕ್ಕೆ ಸಿಗುವ ಊರು ಮದ್ದೂರಲ್ಲ, ಕೆಂಗೇರಿ. ನ್ಯಾಯವಾದ ಮಧ್ಯ ಅದು.

ಆಫೀಸು ವೈಟ್‌ಫೀಲ್ಡಿನಲ್ಲಿದ್ದರೆ? ಮೆಜೆಸ್ಟಿಕ್ಕಿನಿಂದ ಅಲ್ಲಿಗೆ ಮೆಟ್ರೊದಲ್ಲಿ 50 ನಿಮಿಷ ಹಿಡಿಯಿರಿ. ನೇರಳೆ ಮಾರ್ಗ 2023ರ ಅಕ್ಟೋಬರಿನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೂ ಇದೆಯಲ್ಲ. ಅವಳಿಗೆ ಹೋಗಿ ಬರಲು 100, ಮನೆಗೆಲಸ 289, ಒಟ್ಟು 389. ಅವನಿಗೆ ರೈಲು 300, ಮನೆಗೆಲಸ 88, ಒಟ್ಟು 388. ಒಂದು ನಿಮಿಷ ಅವಳಿಗೆ ಜಾಸ್ತಿಯಾಯಿತು, ಇರಲಿ, ಸಹಿಸಿಕೊಳ್ಳುವುದು ಅವಳಿಗೆ ಹೊಸದಲ್ಲ. ಲೆಕ್ಕದ ಪ್ರಕಾರ ಮನೆ ಮಾಡಬೇಕಾದ್ದು ಮೆಜೆಸ್ಟಿಕ್ಕಿನ ಮಗ್ಗುಲಿನ ಕಾಟನ್‌ಪೇಟೆಯಲ್ಲಿ. ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು, ಡಬ್ಬಿ ಕಟ್ಟಿಕೊಂಡು, ಮೈಸೂರಿನ ರೈಲಿನ ಕಿಟಕಿಗೆ ಕರವಸ್ತ್ರ ತೂರಬೇಕಾದವನು ಗಂಡ.

ಈ ಲೆಕ್ಕ ಅತಿಯಾಯಿತು ಎನಿಸಿದರೆ ಅದಕ್ಕೂ ದಾರಿ ಇದೆ. 88ನ್ನು ಏರಿಸಿ. ಗಂಡ ಅಡುಗೆಮನೆಯಲ್ಲಿ ಇನ್ನೊಂದು ಗಂಟೆ ನಿಂತು, ಅವಳ ಪಾಲಿನಿಂದ ಅಷ್ಟು ಇಳಿಸಿದರೆ ಮನೆ ಮೈಸೂರಿನ ಕಡೆಗೆ ಸರಿಯುತ್ತದೆ. ಕುಕ್ಕರಿನ ವೆಯ್ಟು ಎಲ್ಲಿದೆಯೆಂದು ಫೋನು ಮಾಡದೆ ಹುಡುಕಿಕೊಳ್ಳುವವನಿಗೆ ಬಿಡದಿಯವರೆಗೂ ಬರುವ ಅರ್ಹತೆ ಇದೆ. ಇಬ್ಬರ ಪಾಲೂ ಪೂರ್ತಿ ಸಮವಾದ ದಿನ ಮದ್ದೂರಿನಲ್ಲಿ ಧಾರಾಳವಾಗಿ ಮನೆ ಮಾಡಬಹುದು, ಗೃಹಪ್ರವೇಶಕ್ಕೆ ನಾನೂ ಬರುತ್ತೇನೆ. ಅಲ್ಲಿಯವರೆಗೆ ಗಂಡಂದಿರಲ್ಲಿ ಒಂದು ವಿನಂತಿ: ಕೆಂಗೇರಿಯಲ್ಲೋ ಕಾಟನ್‌ಪೇಟೆಯಲ್ಲೋ ಬಾಡಿಗೆ ಮನೆ ನೋಡಿ, ತಿಂಗಳ ಪಾಸು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಅದಕ್ಕೆ ಅಮ್ಮನ ಸಹಿ ಬೇಕಿಲ್ಲ.